ಕಾಕುವಿನ ಬುತ್ತಿ, ಕೃಷ್ಣೆಯ ಕಣಿವೆ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಹುರಿದ ಶೇಂಗಾದ ವಾಸನೆ ಬಂತು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದಕ್ಕೆ ಧಾರವಾಡದ ಮನೆಗಳಲ್ಲಿ ಕಾರಣವೇನೂ ಬೇಕಿಲ್ಲ. ಆದರೆ ಜೊತೆಗೆ ರೊಟ್ಟಿ ಬಡಿಯುವ ಸಪ್ಪಳವೂ ಕೇಳಿತೆಂದರೆ ಯಾರೋ ಪ್ರಯಾಣ ಹೊರಟಿದ್ದಾರೆ ಎಂದೇ ತಿಳಿಯಿರಿ. ನನಗಂತೂ ಆ ವಾಸನೆಗೆ ಮಹಾಬಳೇಶ್ವರದ ಮಂಜು ನೆನಪಾಗುತ್ತದೆ. ನಗಬೇಡಿ, ಕೇಳಿ.

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಅಮ್ಮಿನಬಾವಿಯ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಕರಿಹಲಗೆಯ ಮೇಲೆ ಪಶ್ಚಿಮ ಘಟ್ಟವನ್ನು ಹಸಿರು ಸೀಮೆಸುಣ್ಣದಲ್ಲಿ, ನದಿಗಳನ್ನು ನೀಲಿಯಲ್ಲಿ ಬರೆದು, "ಕೃಷ್ಣಾ ಹುಟ್ಟೂದು ಎಲ್ಲಿ?" ಎಂದು ಬೆತ್ತ ಚಾಚಿ ಕೇಳುತ್ತಿದ್ದಳು. ಉತ್ತರ ಬಾರದೆ ಕಿವಿ ಹಿಂಡಿಸಿಕೊಂಡವರಲ್ಲಿ ನಾನೂ ಒಬ್ಬ. ಅವಳು ಮಾತ್ರ ಆ ಘಟ್ಟವನ್ನು ಒಮ್ಮೆಯೂ ಕಂಡಿರಲಿಲ್ಲ.

"ನೋಡಲಾರದ ಕಲಿಸೇನಿ ತಮ್ಮಾ. ಒಮ್ಮೆ ಕಣ್ಣಾರೆ ನೋಡಬೇಕು" ಎಂದಳು ಒಂದು ದಿನ. ಮೊಣಕಾಲು ಆಗಲೇ ಹಟ ಹಿಡಿದಿತ್ತು. ದೂರದ ಪ್ರಯಾಣ ಇದೇ ಕೊನೆಯದೆಂದು ಮನೆಯವರೆಲ್ಲ ತೀರ್ಮಾನಿಸಿದ್ದೆವು.

ಮಹಾಬಳೇಶ್ವರಕ್ಕೆ ಹೋದೆವು. ಕಣಿವೆಯ ಅಂಚಿನಲ್ಲಿ ನಿಂತರೆ ಕಬ್ಬಿಣದ ಕಟಾಂಜನದಾಚೆ ಬರೀ ಬೆಳ್ಳನೆಯ ಮಂಜು. ಬಂದವರೆಲ್ಲ ಆ ಬಿಳುಪಿನ ಮುಂದೆಯೇ ಫೋಟೋ ತೆಗೆಸಿಕೊಂಡು ಹೊರಡುತ್ತಿದ್ದರು. ಹುಬ್ಬಳ್ಳಿಯಿಂದ ಕಾರು ನಡೆಸಿಕೊಂಡು ಬಂದಿದ್ದ ದಸ್ತಗೀರ ಚಾಚಾ, "ಅಕ್ಕೋರ, ಇಲ್ಲೇನೂ ಕಾಣಂಗಿಲ್ರಿ. ಲಗೂ ಮುಂದಿನ ಪಾಯಿಂಟಿಗೆ ಹೋಗೂಣ್ರಿ" ಎಂದರು. ನನಗೂ ಅದೇ ಸರಿಯೆನಿಸಿತು. ನಾಲ್ಕು ಕಡೆ ಕಾಲಿಟ್ಟು ಬಂದು ಎಂಟು ಕಡೆ ನೋಡಿದೆನೆಂದು ಹೇಳಿಕೊಳ್ಳುವ ಪೈಕಿ ನಾನು.

ಕಾಕುವಿನ ಮುಖ ಸಪ್ಪಗಾಯಿತು. "ಜಮಖಾನಿ ಹಾಸ್ರಿ. ಮೊದಲ ಊಟಾ ಮಾಡೂಣು" ಎಂದಳು.

ನಮ್ಮ ಕಡೆಯ ಒತ್ತಾಯ ನಿಮಗೆ ಗೊತ್ತಲ್ಲ? ಬುತ್ತಿ ಬಿಚ್ಚಿದಳು: ಕಡಕ ರೊಟ್ಟಿ, ಎಣ್ಣೆಗಾಯಿ, ಹಿಂಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ನಾನು ಏಳಹೋದರೆ, "ಅರ್ಧಾ ರೊಟ್ಟಿ ತಗೋ, ನನ್ನ ಆಣಿ." ಚಾಚಾ ಏಳಹೋದರೆ, "ಹೋಳಗಿ ಮುಟ್ಟೇ ಇಲ್ಲಲ್ರಿ ನೀವು!" "ಗಾಡಿ ಓಡಸಬೇಕ್ರಿ, ನಿದ್ದಿ ಬರತೈತಿ" ಎಂದು ಅವರು ಅಂಗಲಾಚಿದರೂ ಬಿಡಲಿಲ್ಲ. ಕೈ ಬಡಿಸುತ್ತಿತ್ತು, ಕಣ್ಣು ಮಾತ್ರ ಕಟಾಂಜನದ ಕಡೆಗೇ ಇತ್ತು. ಆಗ ನನಗೆ ಹೊಳೆಯಿತು: ಕಾಕು ನಮ್ಮನ್ನು ಉಣ್ಣಿಸಿ ಉಣ್ಣಿಸಿ ಹೊತ್ತು ಕಾಯುತ್ತಿದ್ದಾಳೆ. ಮರುಮಾತಿಲ್ಲದೆ ಇನ್ನೊಂದು ರೊಟ್ಟಿ ಕೇಳಿದೆ.

ಮೊಸರು ಮುಗಿಯುವ ಹೊತ್ತಿಗೆ ಗಾಳಿ ಎದ್ದಿತು. ಮಂಜು ಹರಿಯಿತು. ಕೆಳಗೆ ಹಸಿರು ಗುಡ್ಡಗಳು, ನಡುವೆ ಬಿಸಿಲಿಗೆ ಹೊಳೆಯುವ ಕೃಷ್ಣೆ!

ಮೊಣಕಾಲು ಮರೆತು ಕಾಕು ಎದ್ದಳು. ಊರುಗೋಲನ್ನು ಬೆತ್ತದಂತೆ ಚಾಚಿ ಕೂಗಿದಳು: "ನೋಡ್ರಿ! ಹಲಿಗಿ ಮ್ಯಾಲೆ ನಾ ಬರದಂಗ ಐತಿ! ಇದ ನೀರು ನಮ್ಮ ಬಾಗಲಕೋಟಿ ಕಡೆ ಬರತೈತಿ! ದಸ್ತಗೀರಣ್ಣಾ, ಕೃಷ್ಣಾ ಹುಟ್ಟೂದು ಎಲ್ಲಿ?"

ಚಾಚಾ ಕೈಕಟ್ಟಿ ನೆಟ್ಟಗೆ ನಿಂತು, "ಇಲ್ಲೇ ರೀ ಅಕ್ಕೋರ!" ಎಂದರು.

ಅವಸರದವರೆಲ್ಲ ಹೋಗಿಯಾಗಿತ್ತು. ಇಡೀ ಕಣಿವೆ ನಮ್ಮ ಕಾಕುವಿನದೇ. ನನಗೆ ಕಣ್ಣು ತುಂಬಿ ಬಂತು.

ಈಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವುದು ಕಾವೇರಿ ಹುಟ್ಟುವ ಜಾಗ ನೋಡಲು ಹೋಗುವುದಕ್ಕಾಗಿ. "ಹಲಿಗಿ ಮ್ಯಾಲಿನ ನದಿಯೊಳಗ ನೋಡೂದು ಆಕಿ ಒಬ್ಬಾಕಿ ಉಳದಾಳ" ಎಂದು ಕಾಕು ಊರುಗೋಲು ಹಿಡಿದು ಸಿದ್ಧಳಾಗಿದ್ದಾಳೆ. ಮಗಳು ಮೊಬೈಲ್ ನೋಡಿ, "ಅಪ್ಪಾ, ಮಡಿಕೇರ್ಯಾಗ ಭಾಳ ಮಂಜು ಐತಂತ" ಎಂದು ಅಳುಮುಖ ಮಾಡಿದಳು. ಮೊದಲಾಗಿದ್ದರೆ ಪ್ರಯಾಣವನ್ನೇ ಮುಂದೂಡುತ್ತಿದ್ದೆ.

ಅಡುಗೆಮನೆಯತ್ತ ತಿರುಗಿ ಕೂಗಿದೆ: "ಹಂಗಿದ್ರ ಇನ್ನೊಂದಿಷ್ಟು ರೊಟ್ಟಿ ಬಡೀರಿ!"