ಮಂಡಿ ತಿರುಗಿದ ಮಂಗಳ

ಕಳೆದ ವರ್ಷ ಬೈಂದೂರು ಕಡೆಯ ನಮ್ಮ ಶಾಲೆಯ ಕನ್ನಡ ಮಾಷ್ಟ್ರು ಪಂಚೆ ಬಿಗಿದು, ಯಕ್ಷಗಾನದ ವೇಷಧಾರಿಯಂತೆ ಮಂಡಿಯೂರಿ ಗಿರಗಿರನೆ ತಿರುಗುತ್ತಲೇ ಕುರ್ಚಿಗೊಂದು ಸುತ್ತು ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ತರಗತಿ ನನ್ನದು, ವಿಜ್ಞಾನದ್ದು! ಬಾಗಿಲಲ್ಲಿ ನಿಂತು ಪಾಠ ಕೇಳುತ್ತಿದ್ದವರು ಒಳಗೇ ಬಂದುಬಿಟ್ಟಿದ್ದರು. ಭೂಮಿಯನ್ನು ಸುತ್ತುವ ಮಂಗಳ ತಾನೂ ಚಿಕ್ಕ ವೃತ್ತದಲ್ಲಿ ತಿರುಗುತ್ತದೆ, ಅದಕ್ಕೇ ಆಗಾಗ ಹಿಂದೆ ಸರಿದಂತೆ ಕಾಣುತ್ತದೆ ಎಂಬ ಹಳೆಯ ಕಾಲದವರ ಲೆಕ್ಕಾಚಾರವನ್ನು ನಾನು ಬೋರ್ಡಿನ ತುಂಬ ಬಿಡಿಸಿದಾಗ ಇದೇ ಮಕ್ಕಳು ಆಕಳಿಸಿದ್ದರು.

“ಟೀಚರ್, ಈಗ ಗೊತ್ತಾಯ್ತ್ ಕಾಣಿ! ನೀವ್ ಎಂತಕೆ ಹೀಂಗೆ ಹೇಳ್ಕೊಡ್ಲಿಲ್ಲ?” ಎಂದಳು ಮುಂದಿನ ಬೆಂಚಿನ ಹುಡುಗಿ. ಮಾಷ್ಟ್ರು “ಕುರ್ಚಿ ಭೂಮಿ, ನಾನ್ ಮಂಗಳ” ಎಂದು ಮಂಡಿಯ ಧೂಳು ಕೊಡವಿ ನಕ್ಕರು. ನನ್ನ ಹೊಟ್ಟೆ ಉರಿದುಹೋಯಿತು.

ಸಂಜೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನೂ ಮಂಡಿ ತಿರುಗಲು ಹೋಗಿ, ಅರ್ಧ ಸುತ್ತಿಗೇ ಮಗುಚಿ ಬಿದ್ದೆ.

ಮೊಣಕಾಲಿನ ಗಾಯವೇನೋ ಬೇಗ ಮಾಯಿತು. ಆದರೆ ಈ ವರ್ಷ ಆ ಪಾಠವನ್ನು ಮಾಷ್ಟ್ರು ರಜೆ ಹಾಕಿದ ದಿನವೇ ಮುಗಿಸಿಬಿಟ್ಟೆ.