ಮಾತು ತಂದವನಿಗೆ ಟೀ

೧೯೮೬ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು. ದಸರಾ ರಜೆ ಮುಗಿದ ಮೇಲೆ ಮತ್ತೆ ಶಾಲೆಯ ಕಡೆ ಹೋಗಲೇ ಇಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಓದು ಬಿಟ್ಟವನು ಎಂದ ಕೂಡಲೇ ಜನ ಅಯ್ಯೋ ಪಾಪ ಎನ್ನುವ ಥರ ಒಂದು ಮುಖ ಮಾಡುತ್ತಾರೆ. ಆ ಮುಖ ನನಗೆ ಬೇಡ. ಅರಸೀಕೆರೆ ರೈಲು ನಿಲ್ದಾಣದ ಮುಂದೆ ನನ್ನ ಸೋದರಮಾವನ ಬಿಳೀ ಟ್ಯಾಕ್ಸಿ ನಿಲ್ಲುತ್ತಿತ್ತು. ಅದನ್ನು ತೊಳೆಯುವುದು ನನಗೆ ಪಾಠ ಕೇಳುವುದಕ್ಕಿಂತ ಹಿತವಾಗಿತ್ತು. ಲೈಸೆನ್ಸ್ ಕೈಗೆ ಬಂದ ದಿನವೇ ಅದರ ಸ್ಟಿಯರಿಂಗ್ ಹಿಡಿದೆ. ಇವತ್ತಿಗೂ ಬಿಟ್ಟಿಲ್ಲ.

ಶಾಲೆಯಲ್ಲಿ ಇಂಗ್ಲಿಷ್ ಶುರುವಾಗಿದ್ದು ಐದನೇ ಕ್ಲಾಸಿನಲ್ಲಿ. ಮೂರು ಚಿಲ್ಲರೆ ವರ್ಷ ಕಲಿತು ನನಗೆ ಚೆನ್ನಾಗಿ ಬರುತ್ತಿದ್ದುದು ಒಂದೇ ವಾಕ್ಯ, 'ಮೇ ಐ ಗೋ ಔಟ್ ಸಾರ್'. ಅದನ್ನು ಹೇಳಿಯೇ ಹೊರಗೆ ಬಂದೆ ಅನ್ನಿ. ಮಿಕ್ಕಿದ್ದೆಲ್ಲ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಲಿತದ್ದು.

ನಮ್ಮ ಸ್ಟ್ಯಾಂಡಿನಲ್ಲಿ ಏಳು ಕಾರು. ಬೇಲೂರು, ಹಳೇಬೀಡು ನೋಡಲು ಬರುವವರಲ್ಲಿ ಕೆಲವರು ರೈಲಿಳಿಯುವುದು ಅರಸೀಕೆರೆಯಲ್ಲಿ. ಅಲ್ಲಿಂದ ಜಾವಗಲ್ ಮೇಲೆ ಹಳೇಬೀಡು, ಆಮೇಲೆ ಬೇಲೂರು, ಸಂಜೆಗೆ ವಾಪಸ್ಸು. ಹಾಗೆ ಹೋಗಿ ಬಂದವನಿಗೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಕಾರಿನಲ್ಲಿ ಕೂತ ಜನರ ಬಾಯಿಂದ ಬಂದ ಒಂದು ಹೊಸ ಇಂಗ್ಲಿಷ್ ಮಾತನ್ನು ಅವನು ತಂದು ಒಪ್ಪಿಸಬೇಕು. ತಂದರೆ ಉಳಿದವರು ಅವನಿಗೆ ಟೀ ಕೊಡಿಸುತ್ತಾರೆ. ಬರಿಗೈಲಿ ಬಂದರೆ ಏಳು ಟೀ ಅವನದೇ. ಸುಮ್ಮನೆ ಏನೋ ಒಂದು ಹುಟ್ಟಿಸಿ ಹೇಳುವಂತಿಲ್ಲ. ಯಾರು ಅಂದರು, ಯಾವ ಊರಿನವರು, ಯಾವುದನ್ನು ತೋರಿಸಿ ಅಂದರು, ಎಲ್ಲಕ್ಕೂ ಜವಾಬು ಕೊಡಬೇಕು. ಕೋರ್ಟಿನಲ್ಲೂ ಅಷ್ಟು ಕೇಳುವುದಿಲ್ಲ.

"ಏನ್ಲಾ, ಏನ್ ತಂದೆ ಇವತ್ತು?"

"ಲೂ ಅಂತೆ ಕಣ್ಲಾ."

"ಹಂಗಂದ್ರೆ?"

"ಕಕ್ಕಸು. ಇಂಗ್ಲೆಂಡಿನ ಅಮ್ಮಾವ್ರು ಕೇಳಿದ್ರು."

"ಮೊನ್ನೆ ಇವ್ನು ರೆಸ್ಟ್‌ರೂಮು ಅಂತ ತಂದು ಟೀ ಕುಡ್ದ. ಅದಕ್ಕೆ ಮುಂಚೆ ಅವ್ನು ಟಾಯ್ಲೆಟ್ಟು ಅಂದ. ಒಂದ್ ಕಕ್ಕಸಿಗೆ ಎಷ್ಟ್ ಟೀ ಕುಡೀತೀರ್ಲಾ?"

"ಅವ್ರ ದೇಶ ಎಷ್ಟ್ ಐತೋ ಅಷ್ಟು."

ಆ ಜಗಳದಲ್ಲೇ ನನಗೆ ಒಂದು ವಿಷಯ ಹೊಳೆದದ್ದು. ಇಂಗ್ಲಿಷ್ ಒಂದೇ ಅಲ್ಲ. ರೈಲ್ವೆ ಕ್ವಾರ್ಟರ್ಸ್ ಹತ್ತಿರ ರಿಟೈರಾದ ಒಬ್ಬ ಗಾರ್ಡ್ ಇದ್ದರು, ಆಂಗ್ಲೋ ಇಂಡಿಯನ್ನರು. ಅವರಿಗೆ ಇಂಗ್ಲಿಷೇ ತಾಯಿನುಡಿ, ಮನೆಯಲ್ಲಿ ಬೇರೆ ಭಾಷೆಯೇ ಇಲ್ಲ. ಅವರು ಎದುರಿಗೆ ಒಬ್ಬನೇ ಇದ್ದರೂ 'ವಾಟ್ ಮೆನ್, ವೇರ್ ಯು ಗೋಯಿಂಗ್ ಮೆನ್' ಎನ್ನುತ್ತಿದ್ದರು. ಹೆಂಡತಿಯನ್ನೂ ಮೆನ್ ಎಂದೇ ಕರೆಯುತ್ತಿದ್ದರು. ಆಕೆಯೂ ತಿರುಗಿ ಹಾಗೇ ಅನ್ನುತ್ತಿದ್ದರು. ಅರೇಹಳ್ಳಿ ಕಡೆಯ ಕಾಫಿ ತೋಟದ ಯಜಮಾನರೊಬ್ಬರನ್ನು ತಿಂಗಳಿಗೊಮ್ಮೆ ರೈಲಿಗೆ ಬಿಡುತ್ತಿದ್ದೆ. ಅವರದು ಬೇರೆಯೇ ಇಂಗ್ಲಿಷ್. ಕಾಗದದ ಚೂರಿಗೆ ಚಿಟ್, ತಿಂಡಿಗೆ ಟಿಫಿನ್, ತೋಟದಲ್ಲಿ ಲೆಕ್ಕ ಬರೆಯುವವನಿಗೆ ರೈಟರ್. ಆಮೇಲೆ ನನ್ನ ಕಾರು ಹತ್ತಿದ ಲಂಡನ್ನಿನ ಜನ ಇದರಲ್ಲಿ ಒಂದನ್ನೂ ಆಡಲಿಲ್ಲ. ಹಾಗಾದರೆ ಯಾರದು ಸರಿ? ನಾನು 'ಬತ್ತೀನಿ' ಅನ್ನುತ್ತೇನೆ, ನಮ್ಮ ಮೇಷ್ಟ್ರು 'ಬರುತ್ತೇನೆ' ಎನ್ನುತ್ತಿದ್ದರು, ಮಂಗಳೂರಿನವರು 'ಬರ್ತೇನೆ' ಎನ್ನುತ್ತಾರೆ. ಬರುವುದಂತೂ ಎಲ್ಲರೂ ಬರುತ್ತೇವಲ್ಲ.

ಕಾಲ ಹೋದ ಹಾಗೆ ಇಂಗ್ಲಿಷೂ ಬದಲಾಗುತ್ತಿತ್ತು. ಜನ ನನ್ನನ್ನು ಕರೆದ ರೀತಿಯಲ್ಲೇ ಅದನ್ನು ಅಳೆಯಬಲ್ಲೆ. ಗಾರ್ಡಿಗೆ ನಾನು ಮೆನ್. ತೋಟದ ಯಜಮಾನರಿಗೆ ಡ್ರೈವರ್. ವಿದೇಶದ ಹಿರಿಯರಿಗೆ ಯಂಗ್ ಮ್ಯಾನ್. ಆಮೇಲೆ ಬಂದ ಬೆಂಗಳೂರಿನವರಿಗೆ ಬಾಸ್. ತಲೆ ನೆರೆಯುತ್ತಿದ್ದ ಹಾಗೆ ಅಂಕಲ್ ಆದೆ. ಈಗಿನ ಹುಡುಗರು ಬ್ರೋ ಎನ್ನುತ್ತಾರೆ. ನೆರೆತ ತಲೆಯ ಬ್ರೋ.

ಇಷ್ಟೆಲ್ಲದರ ನಡುವೆ ಒಂದು ದಿನ ನನಗೆ ಮರೆಯುವುದಿಲ್ಲ. ಇಂಗ್ಲೆಂಡಿನ ವಯಸ್ಸಾದ ದಂಪತಿಯನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ದೇವಸ್ಥಾನ ನೋಡಿ ಹೊರಗೆ ಬರುವ ಹೊತ್ತಿಗೆ ಹನಿ ಬೀಳತೊಡಗಿತು. 'ಅಂಬ್ರೆಲಾ ಈಸ್ ಇನ್ ಡಿಕ್ಕಿ, ಸರ್' ಎಂದೆ. ಕಾರಿನ ಹಿಂದೆ ಸಾಮಾನು ಇಡುವ ಜಾಗಕ್ಕೆ ನಾವು ಮೊದಲಿನಿಂದಲೂ ಅನ್ನುವುದು ಡಿಕ್ಕಿ. ಆ ಯಜಮಾನರು ನಿಂತುಬಿಟ್ಟರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಜೋರಾಗಿ ನಕ್ಕು ಹೆಂಡತಿಯನ್ನು ಕೂಗಿದರು. ತಮ್ಮ ಅಪ್ಪನ ಕಾರಿನ ಹಿಂಬದಿಗೆ ಅಪ್ಪ ಅದೇ ಮಾತು ಆಡುತ್ತಿದ್ದರಂತೆ. ತಾವು ಚಿಕ್ಕವರಿದ್ದಾಗ ಕೇಳಿದ್ದು, ಈಗ ತಮ್ಮ ದೇಶದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಎಲ್ಲರೂ ಬೂಟ್ ಅನ್ನುತ್ತಾರೆ ಎಂದರು. ನಮ್ಮಪ್ಪನ ಮಾತು ನಿನ್ನ ಹತ್ತಿರ ಹೇಗೆ ಬಂತು ಎಂದು ಕೇಳಿದರು. 'ಫ್ರಮ್ ಮೈ ಅಂಕಲ್, ಸರ್' ಎಂದೆ. ಅವರು ಛತ್ರಿಯನ್ನೂ ಮರೆತು, ಮಳೆಯಲ್ಲೇ ನಿಂತು, ಡಿಕ್ಕಿಯನ್ನು ತಾವೇ ಎರಡು ಸಲ ತೆಗೆದು ಎರಡು ಸಲ ಮುಚ್ಚಿದರು.

ಸ್ಟ್ಯಾಂಡಿಗೆ ಬಂದು ಇದನ್ನು ಹೇಳಿದರೆ ಏನಾಯಿತು ಗೊತ್ತೆ?

"ಡಿಕ್ಕಿ ಹಳೇದು ಕಣ್ಲಾ. ನಮ್ಗೆಲ್ಲಾ ಗೊತ್ತೈತೆ. ಏಳ್ ಟೀ ಹೇಳು."

ಹೇಳಿದೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಟೀ ಕೊಡಿಸಿಲ್ಲ. ಅಲ್ಲಿಯವರೆಗೆ ನಮ್ಮದು ಅರೆಬರೆ ಇಂಗ್ಲಿಷ್, ಅವರದನ್ನು ಕೇಳಿ ಕೇಳಿ ಸರಿಮಾಡಿಕೊಳ್ಳಬೇಕಾದ್ದು ಎಂದು ನನ್ನ ಮನಸ್ಸಿನ ಮೂಲೆಯಲ್ಲೂ ಇತ್ತು. ಆವತ್ತಿಗೆ ಅದು ಹೋಯಿತು. ಅವರು ಬಿಟ್ಟುಕೊಟ್ಟ ಮಾತನ್ನು ನಾವು ಜೋಪಾನ ಮಾಡಿದ್ದೆವು.

ಈಗ ಎರಡು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ. ಬೇಲೂರಿನ ಹತ್ತಿರ ಒಂದು ಹೋಟೆಲ್ಲಿದೆ. ಅಲ್ಲಿ ಇಳಿದುಕೊಳ್ಳುವವರನ್ನು ರೈಲಿನಿಂದ ಕರೆತಂದು, ಊರು ತೋರಿಸಿ, ವಾಪಸ್ಸು ಬಿಡುವ ಕೆಲಸ ವರ್ಷಗಟ್ಟಲೆ ನಮ್ಮ ಸ್ಟ್ಯಾಂಡಿನದೇ. ನನ್ನ ಬಾಡಿಗೆಗಳಲ್ಲಿ ಅರ್ಧ ಅಲ್ಲಿಂದಲೇ ಬರುತ್ತಿದ್ದವು. ಹೋಟೆಲಿನ ಆಡಳಿತ ಬದಲಾಯಿತು. ಹೊಸ ಮ್ಯಾನೇಜರು ಹೇಳಿಕಳಿಸಿದರು: ಡ್ರೈವರುಗಳಿಗೆ ಇಂಗ್ಲಿಷ್ ಪರೀಕ್ಷೆ ಇದೆ, ಪಾಸಾದವರ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ. ಏಳೂ ಜನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆವು. ಶಾಲೆ ಬಿಟ್ಟು ಅಷ್ಟು ಕಾಲದ ಮೇಲೆ ಪರೀಕ್ಷೆ. ಒಬ್ಬೊಬ್ಬರನ್ನೇ ಒಳಗೆ ಕರೆದರು.

ಪರೀಕ್ಷೆ ಮಾಡುವವಳು ಮೂವತ್ತರೊಳಗಿನ ಹೆಣ್ಣುಮಗಳು. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚಿತ್ರ ತೋರಿಸಿ ಇದಕ್ಕೇನು ಅನ್ನುತ್ತೀರಿ ಎಂದು ಕೇಳುತ್ತಿದ್ದಳು. ಮೊದಲು ಹಿಂದುಗಡೆ ಇಡುವ ಹೆಚ್ಚಿಗೆಯ ಚಕ್ರ. ಸ್ಟೆಪ್ನಿ ಎಂದೆ. ತಪ್ಪು, ಸ್ಪೇರ್ ವೀಲ್ ಎಂದಳು. ಕಕ್ಕಸಿನ ಬಾಗಿಲ ಚಿತ್ರ ತೋರಿಸಿದಳು. ಯಾವ ದೇಶದವರಿಗೆ ಹೇಳಬೇಕು ಎಂದು ಕೇಳಿದೆ. ಅದಕ್ಕೂ ತಪ್ಪು, ವಾಶ್‌ರೂಮ್ ಅನ್ನಬೇಕಂತೆ. ಆಮೇಲೆ ಬಂತು ಕಾರಿನ ಹಿಂಬದಿ.

"ಡಿಕ್ಕಿ."

"ಬೂಟ್ ಅನ್ಬೇಕು ಸರ್. ಡಿಕ್ಕಿ ಅನ್ನೋ ವರ್ಡೇ ಇಂಗ್ಲಿಷಲ್ಲಿ ಇಲ್ಲ."

"ಐತೆ ಮೇಡಂ."

"ಇಲ್ಲ ಸರ್."

"ಐತಮ್ಮ. ಹಳೇಬೀಡಲ್ಲಿ ಇಂಗ್ಲೆಂಡಿನ ಯಜಮಾನ್ರೊಬ್ರು ಅದನ್ನ ಕೇಳಿ ಅವ್ರಪ್ಪನ್ನ ನೆನೆಸ್ಕಂಡ್ರು." ಇಡೀ ಕಥೆ ಹೇಳಿದೆ. ನಮ್ಮ ಟೀ ಕಟ್ಟಳೆಯನ್ನೂ ಹೇಳಿದೆ. ಆಮೇಲೆ ಕೇಳಿದೆ: "ಅಮೆರಿಕಾದವ್ರು ಇದಕ್ಕೇ ಟ್ರಂಕ್ ಅಂತಾರಲ್ಲ, ಅದು ಸರಿಯೋ ತಪ್ಪೋ?"

"ಅದೂ ಸರಿನೇ, ಅವರ ಕಡೆಗೆ."

"ಅವ್ರ ಕಡೆಗೆ ಅವ್ರದು ಸರಿ. ನಮ್ ಕಡೆಗೆ ನಮ್ದು ಯಾಕಮ್ಮ ತಪ್ಪು?"

ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ನನ್ನ ಶೀಟಲ್ಲಿ ಎರಡೇ ಕಾಲಂ ಇರೋದು ಸರ್. ರೈಟು, ರಾಂಗು."

"ಯಾವೂರಮ್ಮ ನಿಮ್ದು?"

"ಬೆಂಗಳೂರು."

"ಅದಕ್ಕೆ ಮುಂಚೆ?"

ಅವಳಿಗೆ ನಗು ಬಂತು. "ಕಣಕಟ್ಟೆ."

"ಹಂಗೇಳು ಮತ್ತೆ! ಅರಸೀಕೆರೆ ತಾಲೂಕಿನ ಮಗಳು ಬೇಲೂರಿಗೆ ಬಂದು ಬೂಟ್ ಅಂತಾಳೆ!"

ಆಗ ಅವಳ ಕನ್ನಡವೂ ಸಡಿಲಾಯಿತು. ಕಾಲೇಜು ಮುಗಿಸಿ ಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವ ಕೆಲಸಕ್ಕೆ ಸೇರಿದಳಂತೆ. ಮೊದಲ ಕಂಪನಿಯಲ್ಲಿ ಅಮೆರಿಕಾದವರ ಹಾಗೆ ಮಾತಾಡು ಎಂದರು, ಕಲಿತಳು. ಎರಡನೆಯದರಲ್ಲಿ ಅದನ್ನು ಬಿಡು, ಆಸ್ಟ್ರೇಲಿಯಾದವರ ಹಾಗೆ ಮಾತಾಡು ಎಂದರು, ಕಲಿತಳು. ಮೂರನೆಯದರಲ್ಲಿ ಯಾವ ಊರಿನದೂ ಅಲ್ಲದ ಹಾಗೆ ಮಾತಾಡು ಎಂದರಂತೆ.

"ನಿಮ್ ಸ್ಟ್ಯಾಂಡಲ್ಲಾಗಿದ್ರೆ ನಂಗೆ ಮೂರು ಟೀ ಸಿಗ್ತಿತ್ತು" ಎಂದಳು.

"ಊಟಾನೇ ಹಾಕಿಸ್ತಿದ್ವಿ ಕಣವ್ವ."

ನಕ್ಕಳು. ಆಮೇಲೆ ಶೀಟಿನ ಕಡೆ ನೋಡಿ ಮೆಲ್ಲಗೆ ಹೇಳಿದಳು: "ಒಂದೇ ಒಂದು ಮಾರ್ಕ್ಸ್ ಕಮ್ಮಿ ಐತೆ. ಡಿಕ್ಕಿ ತಪ್ಪು, ಬೂಟ್ ಸರಿ ಅಂತ ಒಂದ್ಸಲ ಅಂದ್‌ಬಿಡಿ, ಟಿಕ್ ಹಾಕ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅರ್ಧ ಬಾಡಿಗೆ ಆ ಒಂದು ಟಿಕ್ಕಿನ ಮೇಲೆ ನಿಂತಿತ್ತು, ಅದು ನನಗೂ ಗೊತ್ತಿತ್ತು. ಆದರೆ ನಾನು ಶಾಲೆಯಲ್ಲಿ ಕೂತಿದ್ದ ಅಷ್ಟು ವರ್ಷವೂ ಇದೇ ನಡೆದದ್ದು. ನಿನ್ನ ಬಾಯಲ್ಲಿರುವುದು ತಪ್ಪು, ಪುಸ್ತಕದಲ್ಲಿರುವುದು ಸರಿ, ಹಾಗಂತ ಹೇಳು, ಕೂತುಕೋ. ಅಲ್ಲಿಂದ ಎದ್ದು ಬಂದವನು ಇಲ್ಲಿ ಮತ್ತೆ ಕೂರಬೇಕೆ?

"ಬೂಟ್ ಅನ್ನೋದು ನಂಗೊತ್ತು ಕಣವ್ವ. ಬೂಟ್ ಅನ್ನೋರು ಬಂದ್ರೆ ಬೂಟ್ ಅಂತೀನಿ. ಟ್ರಂಕ್ ಅನ್ನೋರಿಗೆ ಟ್ರಂಕ್ ಅಂತೀನಿ. ಡಿಕ್ಕಿ ತಪ್ಪು ಅಂತ ಮಾತ್ರ ನನ್ ಬಾಯಲ್ಲಿ ಬರಲ್ಲ. ನೀನು ರಾಂಗು ಅಂತ್ಲೇ ಬರ್ಕೋ."

ಬರೆದುಕೊಂಡಳು. ತಲೆ ಎತ್ತಲಿಲ್ಲ.

ಉಳಿದ ಆರು ಜನ ಪಾಸು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಬೈಗುಳ.

"ನಿಂಗೇನ್ಲಾ ಬಂದಿತ್ತು? ಒಂದ್ ಬೂಟ್ ಅಂದಿದ್ರೆ ಬಾಯಿ ಸವೀತಿತ್ತಾ?"

"ನೀವು ಆರ್ ಜನ ಅಂದ್ರಲ್ಲ, ಸಾಕಲ್ವಾ."

ಮನೆಯಲ್ಲಿ ಹೆಂಡತಿ ಇನ್ನೂ ಚೆನ್ನಾಗಿ ಕೇಳಿದಳು. "ಸರಿ, ಇವತ್ತು ನಿಮ್ ಡಿಕ್ಕಿನೇ ಒಲೆ ಮೇಲಿಟ್ಟು ಬೇಯಿಸ್ಲಾ?"

ಮಾರನೆಯ ದಿನದಿಂದಲೇ ಬೆಳಗಿನ ಮೊದಲ ರೈಲಿಗೇ ಸ್ಟ್ಯಾಂಡಿನಲ್ಲಿರತೊಡಗಿದೆ. ಕಣಕಟ್ಟೆಯ ಮೇಷ್ಟರುಗಳು, ಹಗರೆಗೆ ಹಸು ನೋಡಲು ಹೊರಟವರು, ಕೊಬ್ಬರಿ ವ್ಯಾಪಾರಿಗಳು, ಆಸ್ಪತ್ರೆಗೆ ಹೋಗುವ ಮುದುಕಿಯರು, ಮದುವೆಗೆ ಹೊರಟ ಒಂಬತ್ತು ಜನರ ಸಂಸಾರ, ಯಾರನ್ನೂ ಬೇಡ ಅನ್ನಲಿಲ್ಲ. ಆ ಹೋಟೆಲಿಗೆ ಹೋಗದ ಪ್ರವಾಸಿಗಳು ರೈಲಿಳಿದರೆ ನಾನೇ ಎದುರು ಹೋಗಿ ಮಾತಾಡಿಸಿದೆ, ನನ್ನದೇ ಇಂಗ್ಲಿಷಿನಲ್ಲಿ. ಆ ವರ್ಷ ಕಷ್ಟವಾಯಿತು. ಸುಳ್ಳು ಹೇಳುವುದಿಲ್ಲ.

ಅತ್ತ ಸ್ಟ್ಯಾಂಡಿನಲ್ಲಿ ಬೇರೊಂದು ತಮಾಷೆ. ಪಾಸಾದ ಆರು ಜನಕ್ಕೂ ಹೋಟೆಲಿನವರು ಹತ್ತು ಹದಿನೈದು ವಾಕ್ಯ ಬಾಯಿಪಾಠ ಮಾಡಿಸಿದ್ದರು. ವೆಲ್‌ಕಮ್ ಸರ್, ಹೋಪ್ ಯು ಹ್ಯಾಡ್ ಎ ಪ್ಲೆಸೆಂಟ್ ಜರ್ನಿ. ಅದನ್ನು ಒಪ್ಪಿಸಿದರೆ ಗಿರಾಕಿ ಥ್ಯಾಂಕ್ಯೂ ಎಂದು ಮೊಬೈಲ್ ತೆಗೆಯುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ಸಂಜೆ ಆರೂ ಜನ ಬರಿಗೈಲಿ ಬರುತ್ತಿದ್ದರು. ಯಾರು ಯಾರಿಗೆ ಟೀ ಕೊಡಿಸಬೇಕು ಎಂದೇ ತಿಳಿಯದೆ ತಮ್ಮ ತಮ್ಮ ಟೀ ತಾವೇ ಕುಡಿಯತೊಡಗಿದರು. ಹೊಸ ಮಾತು ತರುವವನು ನಾನೊಬ್ಬನೇ ಉಳಿದೆ.

"ಏನ್ಲಾ, ಏನ್ ತಂದೆ?"

"ವೈಬ್. ಬೆಂಗಳೂರು ಹುಡುಗ್ರು. ಹಳೇಬೀಡಲ್ಲಿ ಒಳ್ಳೇ ವೈಬ್ ಐತೆ ಅಂದ್ರು."

"ಎಲ್ಲೈತೆ ಅದು? ನಾವ್ ನೋಡೇ ಇಲ್ವಲ್ಲ."

"ಬಾಯಿಪಾಠ ಒಪ್ಪಿಸೋರಿಗೆ ಕಾಣಾಕಿಲ್ಲ. ಟೀ ಹೇಳು."

ಈ ವರ್ಷ ಹೋಟೆಲಿನ ಆಡಳಿತ ಮತ್ತೆ ಕೈ ಬದಲಾಯಿಸಿತು. ಹೊಸ ಶೀಟು ಬಂತು, ಮತ್ತೆ ಪರೀಕ್ಷೆ. ಆರು ಜನರೂ ಹೋಗಿ ಬಂದು ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಏನಾಯಿತು ಎಂದು ಕೇಳಿದೆ.

"ಬೂಟ್ ಅನ್ಬಾರ್ದಂತೆ ಕಣ್ಲಾ. ಈಗ ಟ್ರಂಕ್ ಅಂತೆ. ಇನ್ನೊಂದ್ ವಾರಕ್ಕೆ ಎಲ್ಲಾ ಹೊಸದಾಗಿ ಬಾಯಿಪಾಠ ಮಾಡ್ಕೊಂಡ್ ಬರ್ಬೇಕಂತೆ."

ನಾನು ನಕ್ಕದ್ದು ಪ್ಲಾಟ್‌ಫಾರ್ಮಿನವರೆಗೂ ಕೇಳಿಸಿರಬೇಕು. ಹೋಟೆಲಿನಿಂದ ನನಗೂ ಕರೆ ಬಂದಿತ್ತು. ಹಳಬರು ನೀವು, ಒಂದು ಸಲ ಬಂದು ಹೋಗಿ, ಸುಲಭವಾಗಿದೆ ಎಂದರು. 'ನೋ ಸರ್, ಐ ಆಮ್ ಔಟ್ ಆಫ್ ಸ್ಟೇಷನ್' ಎಂದೆ. ಸ್ಟೇಷನ್ನಿನ ಮುಂದೆಯೇ ನಿಂತಿದ್ದೆ.

ಆರು ಜನರಿಗೆ ಮಾತ್ರ ಆ ವಾರವೆಲ್ಲ ಟ್ರಂಕ್ ಅನ್ನುವವರು ಇನ್ನೂ ಏನೇನು ಅನ್ನುತ್ತಾರೆ ಎಂದು ಹೇಳಿಕೊಟ್ಟೆ. ಮಾತಿಗೊಂದು ಟೀ. ಕುಡಿದೂ ಕುಡಿದೂ ಎದೆಯುರಿ ಬಂತು, ಬಿಡಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನನ್ನದೇ ಹೆಸರಿನಲ್ಲಿರುವ ಕಾರು ಒಂದು. ಸ್ಟ್ಯಾಂಡಿನಲ್ಲಿ ಬೇವಿನ ಮರದ ಕೆಳಗೆ ಜಾಗ ಒಂದು. ಇನ್ನೂ ಬೈಯುವ ಹೆಂಡತಿ ಒಬ್ಬಳು, ಕೆಲಸದಲ್ಲಿರುವ ಹೆಣ್ಣುಮಕ್ಕಳು ಇಬ್ಬರು. ಕಕ್ಕಸಿಗೆ ಇಂಗ್ಲಿಷ್ ಮಾತು ಆರು, ಕಾರಿನ ಹಿಂಬದಿಗೆ ಮೂರು. ಹೋಟೆಲಿನ ಪಟ್ಟಿಯಲ್ಲಿ ಹೆಸರು ಇಲ್ಲ. ಸರ್ಟಿಫಿಕೇಟು ಇಲ್ಲ.