ಅಪ್ಪಯ್ಯನ ಮುಖದ ಲೆಕ್ಕ

ನಾನು ಒಂದು ಕಡೆ ಕೂತವಳಲ್ಲ. ಫೋಟೋ ಸ್ಟುಡಿಯೋಗಳೆಲ್ಲ ರೀಲು ಬಿಟ್ಟು ಕಂಪ್ಯೂಟರಿಗೆ ಬಂದ ಹೊಸತರಲ್ಲಿ, ಕೋಟೇಶ್ವರದ ಒಂದು ಸ್ಟುಡಿಯೋದಲ್ಲಿ ನನಗೆ ಕೂತು ಮಾಡುವ ಕೆಲಸವೇ ಸಿಕ್ಕಿತು. ಮದುಮಗಳ ಮೊಡವೆ ಅಳಿಸು, ಮದುಮಗನ ಬೋಳುತಲೆಗೆ ಕೂದಲು ಹಚ್ಚು. ಸಾಕೋ ಸಾಕಾಯಿತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನದೇ ಚಿತ್ರ ಶುರು ಮಾಡಿದೆ: ಎರಡು ಮುಖ ಬೆರೆಸಿ ಮೂರನೆಯದು ಮಾಡುವುದು, ಹೆಣ್ಣಿನ ಮುಖವನ್ನು ಗಂಡಿನದಾಗಿಸುವುದು. ಒಬ್ಬ ಮನುಷ್ಯ ಅವನೇ ಎಂದು ಗುರುತು ಸಿಗುವುದು ಎಲ್ಲಿ, ಮೂಗಿನಲ್ಲೋ, ಹುಬ್ಬಿನಲ್ಲೋ? ಅದೇ ಹುಚ್ಚು.

ಹುಚ್ಚಿಗೆ ಕಾರಣವಿತ್ತು. ನಾನು ಹೊಟ್ಟೆಯಲ್ಲಿದ್ದಾಗಲೇ ಗಂಗೊಳ್ಳಿಯಿಂದ ದೋಣಿಯಲ್ಲಿ ಹೋದ ಅಪ್ಪಯ್ಯ ತಿರುಗಿ ಬರಲಿಲ್ಲ. ಇದ್ದ ಒಂದೇ ಫೋಟೋ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯಿತಂತೆ. ಅವರ ಕಡೆಯವರೂ ಯಾರೂ ಉಳಿದಿರಲಿಲ್ಲ. ಆ ಮುಖ ಇದ್ದದ್ದು ಅಮ್ಮನ ತಲೆಯೊಳಗೆ ಮಾತ್ರ. ಕೇಳಿದರೆ, "ಲಾಯ್ಕಿದ್ರ್, ಚಂದ ಇದ್ರ್" ಎಂದು ಮೀನಿನ ಬುಟ್ಟಿ ಎತ್ತಿಕೊಂಡು ಪೇಟೆಗೆ ಹೊರಡುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಕ್ಕಳಲ್ಲಿ ಅರ್ಧ ತಾಯಿ, ಅರ್ಧ ತಂದೆ ಎಂದು ಶಾಲೆಯಲ್ಲಿ ಓದಿದ್ದೆ. ಹಾಗಾದರೆ ನನ್ನ ಮುಖದಿಂದ ಅಮ್ಮನದನ್ನು ತೆಗೆದರೆ ಉಳಿಯುವುದು ಯಾರು? ವಿಜ್ಞಾನ ಅಷ್ಟು ಸಲೀಸಲ್ಲವೆಂದು ಗೊತ್ತಿದ್ದರೂ ಮನಸ್ಸು ತಡೆಯಲಿಲ್ಲ. ನಮ್ಮಿಬ್ಬರ ಫೋಟೋ ಒಂದರ ಮೇಲೊಂದು ಇಟ್ಟೆ, ಹೊಂದಿದ್ದನ್ನೆಲ್ಲ ಅಳಿಸಿದೆ, ಉಳಿದದ್ದನ್ನು ಹಿಗ್ಗಿಸಿ ಮೀಸೆ ಬರೆದೆ. ಯಾರೋ ಗಂಡಸು ನನ್ನನ್ನೇ ನೋಡುತ್ತಿದ್ದ.

ಭಾನುವಾರ ಅಮ್ಮನನ್ನು ಸ್ಟುಡಿಯೋಗೆ ಎಳೆದುಕೊಂಡು ಹೋದೆ.

"ಇದ್ಯಾರ್ ಮಗಾ?"

"ಅಪ್ಪಯ್ಯ."

ಅಮ್ಮ ನಕ್ಕುಬಿಟ್ಟಳು. "ಅವ್ರೆಲ್ಲಿ, ಇದೆಲ್ಲಿ! ಮೂಗ್ ಇಷ್ಟ್ ಚೂಪ್ ಇರ್ಲಿಲ್ಲೆ."

ಮೂಗು ತಗ್ಗಿಸಿದೆ. "ಹಣೆ ಅಗ್ಲ ಮಾಡ್" ಎಂದಳು. ಮಾಡಿದೆ. ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಕೆನ್ನೆ, ತುಟಿ, ಕಿವಿ. ಸರಿ ಮಾಡಿದ್ದನ್ನೇ ಮತ್ತೆ ಸರಿ ಮಾಡಿಸಿದಳು. ಜೀವಮಾನದಲ್ಲೇ ಅಪ್ಪಯ್ಯನ ಬಗ್ಗೆ ಅಷ್ಟು ಮಾತಾಡಿದವಳಲ್ಲ. ನನಗೆ ಖುಷಿಯೋ ಖುಷಿ. ಮಧ್ಯಾಹ್ನದ ಹೊತ್ತಿಗೆ, ಸ್ವಲ್ಪ ತಡೆದು, "ಹ್ಞಾಂ, ಹೀಂಗೇ ಇದ್ರ್" ಎಂದಳು. ಆ ತಡೆದದ್ದನ್ನು ಗಮನಿಸುವಷ್ಟು ವ್ಯವಧಾನ ನನಗೆಲ್ಲಿ? ದೊಡ್ಡ ಪ್ರಿಂಟ್ ತೆಗೆದು, ಚೌಕಟ್ಟು ಹಾಕಿಸಿ, ಮನೆಯ ಗೋಡೆಗೆ ತೂಗುಹಾಕಿದೆ.

ಕೆಲವು ದಿನಗಳಾದ ಮೇಲೆ ನೋಡುತ್ತೇನೆ, ಅಮ್ಮ ಅದನ್ನು ಗೋಡೆಯ ಕಡೆ ತಿರುಗಿಸಿದ್ದಾಳೆ.

"ಎಂತಾಯ್ತ್? ಸರಿ ಇಲ್ಯಾ?"

"ಸರಿ ಇತ್ತೋ ಇಲ್ಯೋ, ಈಗ ನಂಗೇ ಗೊತ್ತಾತಿಲ್ಲೆ." ಅಮ್ಮ ಚೌಕಟ್ಟಿನ ಕಡೆ ನೋಡದೆಯೇ ಹೇಳಿದಳು. "ದಿನಾ ಮೀನ್ ಮಾರಿ ಬಂದ್ ಕಣ್ಣ್ ಮುಚ್ಚ್ರೆ ಅವ್ರ್ ಬತ್ತಿದ್ರ್. ಈಗ ಈ ಪಟದವ್ನೇ ಬತ್ತ. ಅವ್ರ್ ಬತ್ತೇ ಇಲ್ಲೆ."

ನಾನು ಚೌಕಟ್ಟನ್ನು ಇಳಿಸಿದೆ. ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಳು. ಬಹಳ ಹೊತ್ತು ಹಾಗೇ ಇದ್ದು, ಕಣ್ಣು ತೆರೆಯದೆಯೇ ಇಲ್ಲವೆಂದು ತಲೆಯಾಡಿಸಿದಳು.